ಬಿಟ್ಟಿಯ ಆಳು, ಯಂತ್ರದ ಆಳು

ಬಿ.ಎ. ತರಗತಿಯಲ್ಲಿ ಶಾಸನಗಳ ಭಾಷೆಯನ್ನು ಕುರಿತು ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ‘ಸಾರ್, ರೋಬಾಟ್ ಎನ್ನುವುದಕ್ಕೆ ಯಂತ್ರಮಾನವ ಎಂದಲ್ಲದೆ ಬೇರೆ ಕನ್ನಡ ಮಾತು ಇಲ್ಲವೆ?’ ಎಂದು ಕೇಳಿದ. ನಾವು ಆಗ ಓದುತ್ತಿದ್ದುದು ದತ್ತಿ ಶಾಸನವೊಂದರಲ್ಲಿ ಬರುವ ತೆರಿಗೆಗಳ ಪಟ್ಟಿ. ಪ್ರಶ್ನೆ ಪಾಠಕ್ಕೆ ಹೊರತಾದದ್ದೆಂದು ಉಳಿದ ಹುಡುಗರು ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ. ಹೊರತಾದದ್ದೇನೂ ಅಲ್ಲವೆಂಬುದು ಹೊಳೆದದ್ದು ಸಂಜೆ ಮನೆಗೆ ಬಂದ ಮೇಲೆ. ಅವನಿಗೆ ಬೇಕಾಗಿದ್ದ ಮಾತು ಆ ಪಟ್ಟಿಯಲ್ಲಿಯೇ ಇತ್ತು: ಬಿಟ್ಟಿ.

ಸಂಸ್ಕೃತದ ‘ವಿಷ್ಟಿ’ ಪ್ರಾಕೃತದ ಬಾಯಲ್ಲಿ ಸವೆದು ನಮ್ಮಲ್ಲಿ ‘ಬಿಟ್ಟಿ’ಯಾಯಿತು. ಅರಸನಿಗೋ ಊರೊಡೆಯನಿಗೋ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕಡ್ಡಾಯದ ದುಡಿಮೆ ಅದು. ಇಂದು ನಾವು ‘ಬಿಟ್ಟಿ ಸಿಕ್ಕಿತು’ ಎನ್ನುವಾಗ ಆ ಮಾತಿನಲ್ಲಿ ಉಳಿದಿರುವುದು ಪಡೆದವನ ಸಂತೋಷ ಮಾತ್ರ. ಕೊಟ್ಟವನ ಬೆವರು ಎಲ್ಲಿಯೋ ಜಾರಿಹೋಗಿದೆ. ಚೆಕ್ ಭಾಷೆಯಲ್ಲಿ ಇದಕ್ಕೆ ಸಮನಾದ ಶಬ್ದ ‘ರೊಬೊತ’. ಜಮೀನುದಾರನ ಹೊಲದಲ್ಲಿ ಒಕ್ಕಲು ಮಾಡಲೇಬೇಕಾಗಿದ್ದ ಬಿಟ್ಟಿ ಚಾಕರಿಗೆ ಆ ನಾಡಿನಲ್ಲಿ ಇದ್ದ ಹೆಸರು. 1920ರಲ್ಲಿ ಕಾರೆಲ್ ಚಾಪೆಕ್ ತನ್ನ ‘ಆರ್.ಯು.ಆರ್.’ ನಾಟಕವನ್ನು ಬರೆಯುವಾಗ, ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಆಳುಗಳಿಗೆ ಏನೆಂದು ಹೆಸರಿಡುವುದೆಂದು ತೊಳಲಾಡುತ್ತಿದ್ದಾಗ, ಅವನ ಅಣ್ಣ ಯೋಸೆಫ್ ‘ರೋಬಾಟ್ ಎನ್ನು’ ಎಂದು ಸೂಚಿಸಿದನಂತೆ. ಹಾಗೆ ಹುಟ್ಟಿದ ಮಾತು ಇಂದು ಲೋಕದ ಎಲ್ಲ ಭಾಷೆಗಳಲ್ಲಿಯೂ ಓಡಾಡುತ್ತಿದೆ. ಆದುದರಿಂದ ರೋಬಾಟನ್ನು ‘ಯಂತ್ರಮಾನವ’ ಎನ್ನುವುದಕ್ಕಿಂತ ‘ಬಿಟ್ಟಿಯಾಳು’ ಎನ್ನುವುದೇ ಮೂಲಕ್ಕೆ ಹತ್ತಿರ.

ಆ ನಾಟಕದಲ್ಲಿ ಇನ್ನೊಂದು ಸಂಗತಿಯುಂಟು. ರೋಬಾಟುಗಳು ದಂಗೆಯೆದ್ದು ಮನುಷ್ಯಕುಲವನ್ನೆಲ್ಲ ಕೊಂದುಹಾಕುತ್ತವೆ. ಒಬ್ಬನನ್ನು ಮಾತ್ರ ಉಳಿಸುತ್ತವೆ. ಆತ ಕಟ್ಟಡ ಕಟ್ಟಿಸುವ ಆಲ್ಕ್ವಿಸ್ಟ್. ಅವನನ್ನು ಉಳಿಸಿದ್ದೇಕೆಂದರೆ, ತಮ್ಮ ಹಾಗೆ ಅವನೂ ಕೈಯಿಂದ ದುಡಿಯುತ್ತಾನೆ ಎಂಬ ಕಾರಣಕ್ಕೆ. ಕೈಯ ದುಡಿಮೆಯ ಬೆಲೆಯನ್ನು ಅರಿತದ್ದು ಮನುಷ್ಯನಲ್ಲ, ರೋಬಾಟು! ನೂರು ವರ್ಷಗಳ ಹಿಂದಿನ ಈ ಕಲ್ಪನೆ ಇಂದಿನ ಸುದ್ದಿಗಳನ್ನು ಓದುವಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತದೆ. ಅಪಾಯದ ನೆಲೆಗಳಿಗೆ ಮನುಷ್ಯನಿಗೆ ಬದಲಾಗಿ ಯಂತ್ರವನ್ನು ಕಳುಹಿಸುವುದು, ಮನುಷ್ಯನೂ ಯಂತ್ರವೂ ಕೂಡಿ ದುಡಿಯುವುದು ಈಗ ಎಲ್ಲರ ಬಾಯಲ್ಲಿರುವ ಮಾತು. ಕೂಡಿ ದುಡಿಯುವುದು ನಿಜ. ಆದರೆ ಆ ಜೋಡಿಯಲ್ಲಿ ಯಾರಿಗೆ ಯಾರು ಬದಲಿ ಎಂಬುದನ್ನು ಗೊತ್ತುಮಾಡುವವರು ಯಾರು? ಯಂತ್ರದ ಸಾಮರ್ಥ್ಯ ಒಂದೇ ಅದನ್ನು ಗೊತ್ತುಮಾಡುವುದೆಂದು ನನಗೆ ತೋರುವುದಿಲ್ಲ.

1986ರ ಏಪ್ರಿಲ್ 26ರಂದು, ಅಂದಿನ ಸೋವಿಯೆತ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನ ಚೆರ್ನೊಬಿಲ್‌ನಲ್ಲಿ ಪರಮಾಣು ವಿದ್ಯುತ್ ಕೇಂದ್ರದ ನಾಲ್ಕನೆಯ ಸ್ಥಾವರ ಸಿಡಿಯಿತು. ಅದರ ಒಡಲಲ್ಲಿದ್ದ ಗ್ರಾಫೈಟ್ ತುಂಡುಗಳೂ ಇಂಧನದ ಚೂರುಗಳೂ ಅಕ್ಕಪಕ್ಕದ ಮಾಳಿಗೆಗಳ ಮೇಲೆ ಚೆಲ್ಲಿಬಿದ್ದವು. ಒಡೆದ ಸ್ಥಾವರಕ್ಕೆ ಕಾಂಕ್ರೀಟು ಉಕ್ಕುಗಳ ಹೊದಿಕೆ ಹಾಕುವುದಕ್ಕೆ ಮೊದಲು ಅವನ್ನೆಲ್ಲ ಮತ್ತೆ ಆ ಬಾಯೊಳಕ್ಕೇ ತಳ್ಳಬೇಕಾಗಿತ್ತು. ಮೊದಲು ಯಂತ್ರಗಳನ್ನೇ ಏರಿಸಿದರು. ಚಂದ್ರನ ಮೇಲೆ ಓಡಾಡಿದ ಲೂನೋಖೋದ್ ಬಂಡಿಯ ಗಾಲಿಗಳನ್ನು ರೂಪಿಸಿದ್ದ ಲೆನಿನ್‌ಗ್ರಾಡಿನ ಸಂಸ್ಥೆಯೇ ಅದೇ ಜಾಡಿನಲ್ಲಿ ಒಂದು ರೋಬಾಟನ್ನು ಮಾಡಿಕೊಟ್ಟಿತು. ಅದು ಕೆಲಮಟ್ಟಿಗೆ ಕೆಲಸವನ್ನೂ ಮಾಡಿತು. ಪಶ್ಚಿಮ ಜರ್ಮನಿಯಿಂದ ತರಿಸಿದ ಇನ್ನೊಂದು ಯಂತ್ರ ಮಾಳಿಗೆಯ ಮೇಲೆ ಹೆಚ್ಚುಕಾಲ ಬಾಳಲಿಲ್ಲ. ವಿಕಿರಣ ಮಿತಿಮೀರಿದೆಡೆಯಲ್ಲಿ ಯಂತ್ರದ ಎಲೆಕ್ಟ್ರಾನಿಕ್ ಬುದ್ಧಿ ಮನುಷ್ಯನ ದೇಹಕ್ಕಿಂತ ಬೇಗ ಕೆಡುತ್ತದೆ. ದೇಹ ಆಮೇಲೆ ಕೆಡುತ್ತದೆ, ಮನೆಗೆ ಹೋದ ಮೇಲೆ.

ಯಂತ್ರಗಳು ಸೋತಲ್ಲಿಗೆ ಸೈನಿಕರನ್ನು ಏರಿಸಿದರು. 1986ರ ಶರತ್ಕಾಲದಲ್ಲಿ ಸುಮಾರು 3,800 ಜನ, ಅವರಲ್ಲಿ ಬಹುಮಂದಿ ಸಂಸಾರವಂದಿಗರಾದ ಮೀಸಲು ಪಡೆಯವರು, ಸೀಸದ ತಗಡುಗಳನ್ನು ಮೈಗೆ ಕಟ್ಟಿಕೊಂಡು ಸಲಿಕೆ ಹಿಡಿದು ಆ ಮಾಳಿಗೆಯ ಮೇಲೆ ಓಡಿದರು. ಒಬ್ಬೊಬ್ಬನಿಗೆ ಗೊತ್ತಾದ ಹೊತ್ತು ನಲವತ್ತು ಸೆಕೆಂಡು, ಹೆಚ್ಚೆಂದರೆ ಎರಡು ಮೂರು ನಿಮಿಷ. ಓಡಿ ಹೋಗಿ ಎರಡು ಮೂರು ಸಲಿಕೆ ತಳ್ಳಿ ಓಡಿ ಬರಬೇಕು. ಅವರಿಗೆ ಅಲ್ಲಿ ಬಿದ್ದ ಹೆಸರು ‘ಜೈವಿಕ ರೋಬಾಟು’. ಹಾಸ್ಯಕ್ಕಾಗಿ ಹುಟ್ಟಿತೋ ನೋವಿನಿಂದ ಹುಟ್ಟಿತೋ, ಆ ಹೆಸರಿನಲ್ಲಿ ಚಕ್ರ ಪೂರ್ತಿ ಒಂದು ಸುತ್ತು ಬಂದಿತ್ತು. ಬಿಟ್ಟಿಯಾಳಿನ ಹೆಸರನ್ನು ಯಂತ್ರಕ್ಕಿಟ್ಟರು; ಯಂತ್ರ ಕೈಕೊಟ್ಟಾಗ ಯಂತ್ರದ ಹೆಸರನ್ನು ಆಳಿಗಿಟ್ಟರು. ಬೆಲಾರೂಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಚೆರ್ನೊಬಿಲ್ ಕಂಡವರ ಮಾತುಗಳನ್ನು ವರ್ಷಾನುಗಟ್ಟಲೆ ಕೂಡಿಹಾಕಿ ಪುಸ್ತಕ ಮಾಡಿದ್ದಾರೆ. 2015ರ ನೊಬೆಲ್ ಬಹುಮಾನದ ತರುವಾಯ ನಮ್ಮ ವಿದ್ಯಾರ್ಥಿಗಳಿಗೂ ಅವರ ಹೆಸರು ಪರಿಚಿತವಾಗಿದೆ. ಸಾಹಿತ್ಯದವರಾದ ನಾವು ಆ ಪುಸ್ತಕವನ್ನು ‘ಹೊಸ ಪ್ರಕಾರ’ವೆಂದು ಚರ್ಚಿಸುತ್ತೇವೆ; ಅದು ಸರಿಯೇ, ಆದರೆ ಅಷ್ಟಕ್ಕೇ ನಿಲ್ಲುವುದು ಸರಿಯಲ್ಲ.

ಇಪ್ಪತ್ತೈದು ವರ್ಷ ಕಳೆಯಿತು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಗಳಿಂದ ಜಪಾನಿನ ಫುಕುಶಿಮಾ ದಾಯಿಚಿ ಕೇಂದ್ರದ ಮೂರು ಸ್ಥಾವರಗಳ ಇಂಧನ ಕರಗಿಹೋಯಿತು. ಇಲ್ಲಿಯ ಕಥೆ ಬೇರೆಯ ರೀತಿಯದು. ನಾವು ಸ್ವಲ್ಪ ನಿಂತು ನೋಡತಕ್ಕದ್ದು.

ಏಪ್ರಿಲ್ ತಿಂಗಳಲ್ಲಿ ಸ್ಥಾವರದ ಕಟ್ಟಡಗಳೊಳಕ್ಕೆ ಮೊದಲು ಹೋದದ್ದು ಪ್ಯಾಕ್‌ಬಾಟ್ ಎಂಬ ಅಮೆರಿಕದ ರೋಬಾಟು. ಯುದ್ಧಭೂಮಿಯಲ್ಲಿ ಬಾಂಬುಗಳನ್ನು ಹುಡುಕುವುದಕ್ಕೆಂದು ಮಾಡಿದ ಪುಟ್ಟ ಬಂಡಿ. ಜಪಾನು ರೋಬಾಟುಗಳ ತವರೆಂದು ನಾವೆಲ್ಲ ನಂಬಿದ್ದೆವು. ಆದರೆ ಆ ನಾಡಿನ ಯಂತ್ರವಾದ ‘ಕ್ವಿನ್ಸ್’ ಒಳಗೆ ಹೆಜ್ಜೆಯಿಟ್ಟದ್ದು ಜೂನ್ ತಿಂಗಳಲ್ಲಿ. ಅದು ಮೆಟ್ಟಿಲು ಹತ್ತಬಲ್ಲ ಜಾಣ ಯಂತ್ರ. ಆದರೂ ಅದಕ್ಕೊಂದು ಬಾಲ ಬೇಕಾಯಿತು. ದಪ್ಪ ಕಾಂಕ್ರೀಟು ಗೋಡೆಗಳ ಒಳಗೆ ರೇಡಿಯೋ ಅಲೆ ಹಾಯುವುದಿಲ್ಲವಾದ್ದರಿಂದ ಹೊರಗಿನವನ ಆಜ್ಞೆಯನ್ನು ಒಯ್ಯುವ ತಂತಿಯನ್ನು ಎಳೆದುಕೊಂಡೇ ಹೋಗಬೇಕು. ಅಕ್ಟೋಬರಿನಲ್ಲಿ ಎರಡನೆಯ ಸ್ಥಾವರದ ಕಟ್ಟಡದಲ್ಲಿ ಆ ತಂತಿ ಸಿಕ್ಕಿಕೊಂಡು ಕ್ವಿನ್ಸ್ ಅಲ್ಲಿಯೇ ಉಳಿದುಹೋಯಿತು. 2017ರ ಫೆಬ್ರವರಿಯಲ್ಲಿ ಅದೇ ಸ್ಥಾವರದೊಳಗೆ ‘ಚೇಳು’ ಎಂದು ಕರೆಸಿಕೊಂಡ ಯಂತ್ರವೂ ಹಾಗೆಯೇ ನಿಂತಿತು. ಆ ವರ್ಷದ ಜುಲೈನಲ್ಲಿ ನೀರಿನಲ್ಲಿ ಈಜುವ, ಮೊಳದುದ್ದಕ್ಕಿಂತಲೂ ಚಿಕ್ಕದಾದ ಇನ್ನೊಂದು ಯಂತ್ರ ಮೂರನೆಯ ಸ್ಥಾವರದ ತಳವನ್ನು ಮುಟ್ಟಿ, ಕರಗಿ ಗಟ್ಟಿಯಾದ ಇಂಧನದಂತೆ ಕಾಣುವ ರಾಶಿಯ ಚಿತ್ರಗಳನ್ನು ತಂದುಕೊಟ್ಟಿತು.

ಇವೆಲ್ಲ ಸೋಲುಗಳ ಪಟ್ಟಿಯಂತೆ ಕಂಡೀತು. ನನಗೆ ಹಾಗೆ ಕಾಣುವುದಿಲ್ಲ. ಯಂತ್ರ ನಿಂತಿತು, ಅದನ್ನು ಬಿಟ್ಟು ಬಂದರು, ಏಕೆ ನಿಂತಿತೆಂದು ನೋಡಿ ಇನ್ನೊಂದನ್ನು ಮಾಡಿದರು. ಆ ಜಾಗದಲ್ಲಿ ಮನುಷ್ಯನನ್ನು ಇಳಿಸೋಣವೆಂದು ಮಾತ್ರ ಹೇಳಲಿಲ್ಲ. ಮನುಷ್ಯ ಅಲ್ಲಿ ಇಲ್ಲವೆಂದು ಇದರ ಅರ್ಥವಲ್ಲ. ಸಾವಿರಾರು ಕಾರ್ಮಿಕರು ಆ ಕೇಂದ್ರದಲ್ಲಿ ಇಂದಿಗೂ ದುಡಿಯುತ್ತಿದ್ದಾರೆ. ಅವರ ಮೈಗೆ ಎಷ್ಟು ವಿಕಿರಣ ತಾಕಬಹುದೆಂಬುದಕ್ಕೆ ವರ್ಷದ ಲೆಕ್ಕವುಂಟು, ಐದು ವರ್ಷಗಳ ಲೆಕ್ಕವುಂಟು. ಯಂತ್ರವನ್ನು ಬಾಗಿಲಿನವರೆಗೆ ಹೊತ್ತು ತರುವವನೂ, ಕೊಳವೆ ಜೋಡಿಸುವವನೂ, ಪರದೆಯ ಮುಂದೆ ಕುಳಿತು ನಡೆಸುವವನೂ ಮನುಷ್ಯನೇ.

ಆ ಕೂಡುದುಡಿಮೆ ಎಷ್ಟು ನಾಜೂಕಿನದೆಂಬುದಕ್ಕೆ 2024ರ ಸಂಗತಿಯೊಂದು ಸಾಕ್ಷಿ. ಕರಗಿದ ಇಂಧನದ ಒಂದು ಚೂರನ್ನು ಹೊರತೆಗೆಯುವುದಕ್ಕಾಗಿ ಮೀನಿನ ಗಾಳದ ಕೋಲಿನಂತೆ ಉದ್ದಕ್ಕೆ ಚಾಚುವ ಸಾಧನವೊಂದನ್ನು ಸಿದ್ಧಪಡಿಸಿದ್ದರು. ಆಗಸ್ಟ್ 22ರಂದು ಕೆಲಸ ಆರಂಭವಾಗಬೇಕು. ಸಾಧನವನ್ನು ಒಳಕ್ಕೆ ತಳ್ಳುವ ಕೊಳವೆಗಳ ಸರದಿ ತಪ್ಪಾಗಿದೆಯೆಂದು ಆಗ ಕಂಡುಬಂತು. ಮುಖವೆಲ್ಲ ಮುಚ್ಚುವ ಮುಸುಕು, ಮೈತುಂಬ ಕವಚ, ವಿಕಿರಣದ ನಡುವೆ ಬೇಗ ಮುಗಿಸಿ ಹೊರಡಬೇಕೆಂಬ ಆತುರ: ಇವುಗಳ ನಡುವೆ ಯಾರೋ ಜೋಡಿಸಿದರು, ಸರಿಯಾಗಿ ನೋಡಬೇಕಾದವರು ನೋಡಲಿಲ್ಲ. ಕೆಲಸ ನಿಂತಿತು, ಸೆಪ್ಟೆಂಬರಿನಲ್ಲಿ ಮತ್ತೆ ಆರಂಭವಾಗಿ, ನಡುವೆ ಕ್ಯಾಮೆರಾ ಕೆಟ್ಟು, ಕಡೆಗೆ ನವೆಂಬರ್ 7ರಂದು ಚೂರು ಹೊರಬಂತು. ಅದರ ತೂಕ ಒಂದು ಗ್ರಾಮಿಗೂ ಕಡಿಮೆ, ಸುಮಾರು 0.7 ಗ್ರಾಮು. ಒಳಗೆ ಉಳಿದಿರುವುದು ಸುಮಾರು 880 ಟನ್ನುಗಳೆಂದು ಅಂದಾಜು. ಹದಿಮೂರು ವರ್ಷಗಳ ಶ್ರಮಕ್ಕೆ ಒಂದು ಗುಲಗಂಜಿಯ ಗಾತ್ರದ ಫಲ ಎಂದು ನಗುವವರು ನಗಲಿ. ಒಂದು ಜೀವವನ್ನು ಅಲ್ಲಿಗೆ ಇಳಿಸುವುದಕ್ಕಿಂತ ಹದಿಮೂರು ವರ್ಷ ಕಾಯುವುದು ಮೇಲೆಂದು ಒಂದು ಸಮಾಜ ಲೆಕ್ಕ ಹಾಕಿತು. ನಾನು ಗೌರವಿಸುವುದು ಆ ಲೆಕ್ಕವನ್ನು.

ಯಂತ್ರವೇ ಎಲ್ಲವನ್ನೂ ಮಾಡಬಲ್ಲದೆಂಬ ಭ್ರಮೆಯೂ ಬೇಡ. 2023ರ ದೀಪಾವಳಿಯ ಬೆಳಗ್ಗೆ, ನವೆಂಬರ್ 12ರಂದು, ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡದ್ದು ವಾಚಕರಿಗೆ ನೆನಪಿರಬಹುದು. ಅಮೆರಿಕದಿಂದ ಬಂದಿದ್ದ ಭಾರಿ ಕೊರೆಯುವ ಯಂತ್ರ ಕುಸಿದ ಮಣ್ಣುಕಲ್ಲುಗಳೊಳಗೆ ಬಹುದೂರ ಹೋಗಿ, ಇನ್ನೇನು ಹತ್ತು ಹನ್ನೆರಡು ಮೀಟರು ಉಳಿಯಿತೆನ್ನುವಾಗ ಕಬ್ಬಿಣದ ಸರಳುಗಳಿಗೆ ಸಿಕ್ಕಿ ಮುರಿಯಿತು. ಉಳಿದದ್ದನ್ನು ಕೈಯಿಂದ ಅಗೆದವರು ‘ಇಲಿಬಿಲ’ದ ಗಣಿಗಾರರು, ಮೊಣಕಾಲೂರಿ ಕೂರುವಷ್ಟು ಕಿರಿದಾದ ಕೊಳವೆಯಲ್ಲಿ ಹೊಕ್ಕು ಅಗೆಯುವ ವಿದ್ಯೆ ಅವರದು. ಹದಿನೇಳನೆಯ ದಿನ 41 ಜನರೂ ಹೊರಬಂದರು. ಆ ಬಗೆಯ ಗಣಿಗಾರಿಕೆಯನ್ನು ಅಪಾಯಕರವೆಂದು ಮೇಘಾಲಯದಲ್ಲಿ 2014ರಲ್ಲಿಯೇ ಹಸಿರು ನ್ಯಾಯಮಂಡಲಿ ನಿಷೇಧಿಸಿತ್ತು. ನಿಷೇಧ ಸರಿ; ಆದರೆ ಆ ಕೈಗಳಲ್ಲಿ ಇದ್ದ ತಿಳಿವಳಿಕೆಯನ್ನು ನಿಷೇಧಿಸಲಾಗುವುದಿಲ್ಲವಷ್ಟೆ. ದೇಶವೆಲ್ಲ ಅವರನ್ನು ಒಂದು ವಾರ ಕೊಂಡಾಡಿತು.

ಇನ್ನು ನಮ್ಮ ಬೀದಿಗೆ ಬರೋಣ. ಪರಮಾಣು ಸ್ಥಾವರವಾಗಲಿ ಹಿಮಾಲಯದ ಸುರಂಗವಾಗಲಿ ನಮ್ಮಲ್ಲಿ ಬಹುಮಂದಿ ಕಣ್ಣಾರೆ ಕಾಣದವು. ಪ್ರತಿದಿನವೂ ತುಳಿದು ಹೋಗುವ ಅಪಾಯದ ನೆಲೆಯೊಂದುಂಟು: ಒಳಚರಂಡಿಯ ಮ್ಯಾನ್‌ಹೋಲ್. ಕೊಳೆತ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ನಾತ ಬಂದರೆ ಎಚ್ಚರಗೊಳ್ಳಬಹುದು. ಆದರೆ ಅನಿಲ ಹೆಚ್ಚಾದಂತೆ ಅದು ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು, ಗಾಳಿ ತಿಳಿಯಾಯಿತು ಎಂದುಕೊಂಡವನು ಕುಸಿಯುತ್ತಾನೆ. ಮೇಲಿದ್ದವನು ಗಾಬರಿಯಿಂದ ಅವನನ್ನು ಎತ್ತಲು ಇಳಿಯುತ್ತಾನೆ, ಅವನೂ ಏಳುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ ಇಂಥ ಸಾವುಗಳು ಎರಡೆರಡಾಗಿ ಮೂರುಮೂರಾಗಿ ಬರುವುದು ಇದರಿಂದಲೇ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕರ ಶುದ್ಧಿಯಲ್ಲಿ 377 ಜನ ಸತ್ತರೆಂಬುದು ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ.

ಈ ಕೆಲಸಕ್ಕೂ ಯಂತ್ರ ಬಂದಿದೆ. ಕೇರಳದ ಕೆಲವು ಯುವ ಇಂಜಿನಿಯರುಗಳು ಕಟ್ಟಿದ ‘ಬ್ಯಾಂಡಿಕೂಟ್’ ಎಂಬ ರೋಬಾಟು 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಬ್ಯಾಂಡಿಕೂಟ್ ಎಂದರೆ ನಮ್ಮ ಹೆಗ್ಗಣ. ಹೆಸರಿಟ್ಟವರಿಗೆ ಭಾಷೆಯ ರುಚಿಯುಂಟು. ಅದರ ಒಂದು ಭಾಗ ರಸ್ತೆಯ ಮೇಲೆ ನಿಲ್ಲುತ್ತದೆ. ಜೇಡನಂತೆ ಕಾಲುಗಳಿರುವ ಇನ್ನೊಂದು ಭಾಗ ಗುಂಡಿಗಿಳಿದು ಗೋಡೆಗೆ ಕಾಲೂರಿ ನಿಂತು, ಕಸ ಕಲ್ಲುಗಳನ್ನು ಕೈಯಿಂದ ಬಾಚಿ ತೊಟ್ಟಿಗೆ ತುಂಬುತ್ತದೆ. ಒಳಗಿನ ಅನಿಲವನ್ನು ಅಳೆಯುವ ಸಾಧನವೂ ಕತ್ತಲಲ್ಲಿ ಕಾಣುವ ಕ್ಯಾಮೆರಾಗಳೂ ಅದಕ್ಕಿವೆ. ನಡೆಸುವವನು ಮೇಲೆ ನಿಂತು ಪರದೆಯನ್ನು ನೋಡುತ್ತ ನಡೆಸುತ್ತಾನೆ. ನೀರು ಚಿಮ್ಮಿಸುವ, ಕೊಳಚೆ ಹೀರುವ ಲಾರಿಗಳು ಮೊದಲೇ ಇದ್ದವಲ್ಲ ಎನ್ನಬಹುದು. ನೀರಿನ ಒತ್ತಡ ಕೆಸರನ್ನು ತಳ್ಳಬಲ್ಲದು, ಕಲ್ಲನ್ನು ಎತ್ತಲಾರದು. ಆ ಕಲ್ಲಿಗಾಗಿಯೇ ಮನುಷ್ಯ ಇಳಿಯುತ್ತಿದ್ದ. ಈಗ ಅವನಿಗೆ ಬದಲಿ ದೊರೆತಿದೆ.

ದೆಹಲಿಯ ಭಾಷೆಯೂ ಬದಲಾಗಿದೆ. 2023ರ ಫೆಬ್ರವರಿ 1ರ ಆಯವ್ಯಯ ಭಾಷಣದಲ್ಲಿ ಅರ್ಥಮಂತ್ರಿಗಳು ನಗರಗಳೆಲ್ಲ ‘ಮ್ಯಾನ್‌ಹೋಲ್’ನಿಂದ ‘ಮೆಷಿನ್‌ಹೋಲ್’ಗೆ ಸಾಗಬೇಕೆಂದರು. ಆಳು ಇಳಿಯುವ ಗುಂಡಿ ಯಂತ್ರ ಇಳಿಯುವ ಗುಂಡಿಯಾಗಬೇಕೆಂದು ಅರ್ಥ. ಶಬ್ದ ಚೆನ್ನಾಗಿದೆ. ಶಬ್ದವನ್ನೇ ನಂಬಿ ಬದುಕುವ ಕಸುಬಿನವನಾದ ನನಗೆ ಶಬ್ದದ ಮೇಲೆ ಒಂದಿಷ್ಟು ಸಂಶಯವೂ ಉಂಟು. ಏಕೆಂದರೆ ನಮ್ಮಲ್ಲಿ ಶಬ್ದಗಳಿಗೂ ಕಾನೂನುಗಳಿಗೂ ಎಂದೂ ಬರವಿರಲಿಲ್ಲ. ಬಿಟ್ಟಿ ಬೇಗಾರಿಯನ್ನು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿತು. ಮಲ ಹೊರುವ ಪದ್ಧತಿಯನ್ನು 1993ರಲ್ಲೊಮ್ಮೆ, 2013ರಲ್ಲೊಮ್ಮೆ ಶಾಸನದಿಂದ ನಿಷೇಧಿಸಿದ್ದಾಯಿತು. 2013ರ ಶಾಸನವನ್ನು ಗಮನವಿಟ್ಟು ಓದಿದರೆ, ಅದು ನಿಷೇಧಿಸಿರುವುದು ಗುಂಡಿಗೆ ಇಳಿಸುವುದನ್ನಲ್ಲ, ರಕ್ಷಣಾ ಸಾಮಗ್ರಿಗಳಿಲ್ಲದೆ ಇಳಿಸುವುದನ್ನು. ಗುಂಡಿಗಿಂತ ದೊಡ್ಡ ತೂತು ಅಲ್ಲಿದೆ. ಗುಂಡಿಯಲ್ಲಿ ಸತ್ತವನ ಮನೆಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2025ರ ಜನವರಿ 29ರಂದು, ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಈ ಕೆಲಸ ಮಾಡಿಸುವುದನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿತು.

ಯಂತ್ರವಿದೆ, ಕಾನೂನಿದೆ, ಆಜ್ಞೆಯಿದೆ. ಹಾಗಿದ್ದೂ ಮನುಷ್ಯ ಇಳಿಯುತ್ತಿರುವುದೇಕೆ? ಚೆರ್ನೊಬಿಲ್‌ನಲ್ಲಿ ಯಂತ್ರ ಸೋತಿತು, ಆದುದರಿಂದ ಮನುಷ್ಯ ಏರಿದ. ನಮ್ಮಲ್ಲಿ ಯಂತ್ರ ಸೋಲುವ ಮೊದಲೇ ಮನುಷ್ಯ ಇಳಿಯುತ್ತಾನೆ, ಅವನು ಅಗ್ಗವಾದುದರಿಂದ. ಅಗ್ಗವಾದದ್ದು ಹೇಗೆಂದು ಕೇಳಿದರೆ, ಒಳಚರಂಡಿ ಮತ್ತು ಶೌಚಗುಂಡಿಗಳ ಕಾರ್ಮಿಕರನ್ನು ಕುರಿತು 2024ರಲ್ಲಿ ಬೆಳಕಿಗೆ ಬಂದ ಸರ್ಕಾರಿ ಎಣಿಕೆ ಉತ್ತರ ಹೇಳುತ್ತದೆ: ಎಣಿಸಿದ ಸುಮಾರು 38,000 ಮಂದಿಯಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳವರು, ಪರಿಶಿಷ್ಟ ಜಾತಿಯವರೇ ನೂರಕ್ಕೆ ಸುಮಾರು ಅರವತ್ತೊಂಬತ್ತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಮಲ ಹೊರುವವರ ಮನೆಯಲ್ಲಿ 1966ರಲ್ಲಿ ಹುಟ್ಟಿ ಈ ಪದ್ಧತಿಯ ವಿರುದ್ಧ ಜೀವವನ್ನೇ ತೇಯ್ದ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವು ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಮೂರು ಕಿಲೋಮೀಟರಿಗೂ ಆಳಕ್ಕೆ ಭೂಮಿಯನ್ನು ಬಗೆದು ಚಿನ್ನ ಎತ್ತುವ ವಿದ್ಯೆಯಿದ್ದ ಆ ಊರಿನಲ್ಲಿ, ಆಳುದ್ದದ ಮಲದ ಗುಂಡಿಗೆ ಬುಟ್ಟಿ ಹಿಡಿದ ಕೈಯೇ ಗತಿಯಾಗಿತ್ತೆಂಬುದು ಆ ಹೆಮ್ಮೆಯಲ್ಲಿ ನಮಗೆ ತೋಚಲಿಲ್ಲ.

ಇನ್ನೊಂದು ಮಾತು. ಯಂತ್ರ ಬಂದರೆ ಸಾಲದು, ಯಂತ್ರವನ್ನು ನಡೆಸುವವನು ಯಾರೆಂಬುದೂ ಮುಖ್ಯ. ಬ್ಯಾಂಡಿಕೂಟನ್ನು ಮಾಡಿದವರು ಗುಂಡಿಗಿಳಿಯುತ್ತಿದ್ದ ಕಾರ್ಮಿಕರಿಗೇ ಅದನ್ನು ನಡೆಸಲು ಕಲಿಸಿದರೆಂಬುದು ನನಗೆ ಯಂತ್ರಕ್ಕಿಂತ ದೊಡ್ಡ ಸಂಗತಿಯಾಗಿ ತೋರುತ್ತದೆ. ಡಿಪ್ಲೊಮಾ ಓದಿದ ಬೇರೊಬ್ಬನು ಪರದೆಯ ಮುಂದೆ ನಿಂತು, ಇವನು ಕೆಲಸವಿಲ್ಲದೆ ಮನೆಗೆ ಹೋದರೆ, ಜೀವ ಉಳಿಯಿತು, ಅನ್ನ ಹೋಯಿತು ಎಂದಾದೀತು. ಅದೂ ಅಲ್ಲದೆ ನಷ್ಟ ಯಂತ್ರಕ್ಕೂ ಉಂಟು. ಯಾವ ಗುಂಡಿಗೆ ಯಾವ ಕಡೆಯಿಂದ ಕೊಳವೆ ಸೇರುತ್ತದೆ, ಮಳೆ ಬಂದಾಗ ಎಲ್ಲಿ ಉಕ್ಕುತ್ತದೆ ಎಂಬುದು ಯಾವ ನಕ್ಷೆಯಲ್ಲಿಯೂ ಸರಿಯಾಗಿ ಇರುವುದಿಲ್ಲ; ಅದು ಇಳಿದವನ ಮೈಯಲ್ಲಿದೆ.

ಇಷ್ಟನ್ನು ನಾನು ಪುಸ್ತಕದಿಂದ ಬರೆಯುತ್ತಿಲ್ಲ. ಕಳೆದ ತಿಂಗಳು ಬೆಳಗ್ಗೆ ಕಾಲೇಜಿಗೆ ಹೋಗುವಾಗ ನಮ್ಮ ಬೀದಿಯ ತಿರುವಿನಲ್ಲಿ ನೀರು ಚಿಮ್ಮಿಸುವ ಲಾರಿ ನಿಂತಿತ್ತು. ಮುಚ್ಚಳ ತೆಗೆದು ಒಂದು ಟೀ ಕುಡಿಯುವಷ್ಟು ಹೊತ್ತು ‘ಗಾಳಿ ಹೋಗಲಿ’ ಎಂದು ಬಿಟ್ಟಿದ್ದರಂತೆ. ಇಪ್ಪತ್ತೈದರ ಒಳಗಿನ ಒಬ್ಬ ಯುವಕ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ‘ಏನಪ್ಪಾ, ಯಂತ್ರ ಬಂದಿದೆಯಲ್ಲ, ಇವರೇಕೆ ಇಳಿಯಬೇಕು?’ ಎಂದು ಮೇಸ್ತ್ರಿಯನ್ನು ಕೇಳಿದೆ. ‘ಪೈಪಿನ ಬಾಯಿಗೆ ಕಲ್ಲು ಸಿಕ್ಕೊಂಡಿದೆ ಮೇಷ್ಟ್ರೆ, ಲಾರಿ ಕಲ್ಲು ಎತ್ತಲ್ಲ’ ಎಂದ. ‘ಕಲ್ಲು ಎತ್ತುವ ರೋಬಾಟು ಬಂತೆಂದು ಪತ್ರಿಕೆಯಲ್ಲಿ ಓದಿದೆನಲ್ಲ?’ ಎಂದೆ. ‘ಅದು ಷೆಡ್ಡಲ್ಲಿದೆ. ನಡೆಸೋರಿಲ್ಲ’ ಎಂದ. ಯುವಕ ಇಳಿದ. ಹಗ್ಗ ಹಿಡಿದವನೊಬ್ಬ ನಡುನಡುವೆ ಹೆಸರು ಹಿಡಿದು ಕೂಗುತ್ತಿದ್ದ; ಕೆಳಗಿನಿಂದ ‘ಹೂಂ’ ಬರುವವರೆಗೆ ನಾವು ಯಾರೂ ಮಾತನಾಡಲಿಲ್ಲ. ಆರೇಳು ನಿಮಿಷದಲ್ಲಿ ಮೇಲೆ ಬಂದ. ಬೀದಿಯ ನಲ್ಲಿಯಲ್ಲಿ ಮೈ ತೊಳೆದುಕೊಳ್ಳುತ್ತಿದ್ದಾಗ ಹತ್ತಿರ ಹೋಗಿ, ‘ಆ ಯಂತ್ರ ನಡೆಸುವುದಕ್ಕೆ ನಿಮಗೆ ಬರುತ್ತದೆಯೆ?’ ಎಂದೆ.

‘ಕಲಿಸಿದ್ರೆ ಬರುತ್ತೆ ಸಾರ್. ಒಳಗೆ ಎಲ್ಲೆಲ್ಲಿ ಏನಿದೆ ಅಂತ ನಂಗೆ ಗೊತ್ತಲ್ಲ.’

ಹತ್ತು ಗಂಟೆಗೆ ನನಗೆ ತರಗತಿಯಿತ್ತು, ಹೊರಟುಬಿಟ್ಟೆ. ಅದು ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತಿದೆ. ಆಮೇಲೆ ಮಾಡಿದ ಕೆಲಸ ಸಣ್ಣದು. ಆ ಯಂತ್ರವನ್ನು ಎಷ್ಟು ಹಣಕ್ಕೆ ಕೊಂಡರು, ಕೊಂಡ ಮೇಲೆ ಎಷ್ಟು ದಿನ ಹೊರಗೆ ತೆಗೆದರು, ಅದನ್ನು ನಡೆಸಲು ಯಾರಿಗೆ ಕಲಿಸಿದರು, ಅದೇ ಅವಧಿಯಲ್ಲಿ ಎಷ್ಟು ಸಲ ಮನುಷ್ಯರನ್ನು ಇಳಿಸಿದರು ಎಂಬ ನಾಲ್ಕು ಪ್ರಶ್ನೆಗಳನ್ನು ಬರೆದು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕಾನೂನು ಉತ್ತರಕ್ಕೆ ಕೊಟ್ಟಿರುವ ಗಡುವು ಮೂವತ್ತು ದಿನ. ಈ ಭಾನುವಾರಕ್ಕೆ ಹತ್ತೊಂಬತ್ತು ದಿನ ಆಯಿತು.